ಬಿಳಿಗಿರಿರಂಗನ ಬೆಟ್ಟ ಹತ್ತಿದ ಹೆಡ್ ಮೇಷ್ಟ್ರುಗಳು

ಶಾಲೆಯಲ್ಲಿ ಏನೇ ಆದರೂ ಎಲ್ಲರೂ ಬಂದು ಕೇಳುವುದು ಹೆಡ್ ಮೇಷ್ಟ್ರನ್ನು. ಹೆಡ್ ಮೇಷ್ಟ್ರು ಯಾರನ್ನು ಕೇಳಬೇಕು? ಕ್ಲಸ್ಟರ್ ಸಭೆಗೆ ಹೋದರೆ ಬಿಸಿಯೂಟದ ಲೆಕ್ಕ, ಸ್ಯಾಟ್ಸ್ (ಮಕ್ಕಳ ಮಾಹಿತಿಯ ಆನ್‌ಲೈನ್ ದಾಖಲೆ) ಎಂಟ್ರಿ, ಹೊಸ ಸುತ್ತೋಲೆ. ಅಷ್ಟು ಮುಗಿಯುವ ಹೊತ್ತಿಗೆ ಎಲ್ಲರಿಗೂ ಬಸ್ಸಿನ ಚಿಂತೆ. ಮಕ್ಕಳ ಬಗ್ಗೆ ಕೂತು ಮಾತಾಡುವುದು ಯಾವಾಗ? ಅದಕ್ಕೇ ಮಂಡ್ಯ, ಮೈಸೂರು, ಚಾಮರಾಜನಗರ ಜಿಲ್ಲೆಗಳ ನಾವು ಕೆಲವರು ಸ್ವಂತ ಖರ್ಚಿನಲ್ಲಿ ಹೊರಟೆವು. ಬೇರೆಯವರ ಶಾಲೆ ನೋಡಬೇಕು, ರಾತ್ರಿ ಪೂರ್ತಿ ಮಾತಾಡಬೇಕು, ಇಷ್ಟೇ ಕಾರ್ಯಕ್ರಮ.

ಮಳವಳ್ಳಿಯಿಂದ ಕೊಳ್ಳೇಗಾಲ, ಅಲ್ಲಿಂದ ಯಳಂದೂರು. ಸುವರ್ಣಾವತಿ ಹೊಳೆಯ ಆಸುಪಾಸು ಭತ್ತದ ಗದ್ದೆಗಳು, ಮುಂದೆ ನೀಲಿ ಬೆಟ್ಟದ ಸಾಲು. ಬೆಟ್ಟದ ಬುಡದಲ್ಲಿ ಗುಂಬಳ್ಳಿ. ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರ 1996ರಲ್ಲಿ ಕರುಣಾ ಟ್ರಸ್ಟ್‌ಗೆ ನಡೆಸಲು ಕೊಟ್ಟಿತು. ಒಂದು ಕಾಲಕ್ಕೆ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗ ಬಹಳ ಇತ್ತು. ಆ ಟ್ರಸ್ಟ್ ಹುಟ್ಟಿದ್ದೇ ಅದರ ಚಿಕಿತ್ಸೆಗಾಗಿ.

ಚೆಕ್‌ಪೋಸ್ಟ್ ದಾಟಿದ ಮೇಲೆ ಕಾಡು. 2011ರಲ್ಲಿ ಇದು ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಈ ಕಾಡಿನ ಗಿರಿಜನರಾದ ಸೋಲಿಗರ ಗ್ರಾಮಸಭೆಗಳಿಗೆ ಅರಣ್ಯ ಹಕ್ಕಿನ ಪತ್ರಗಳೂ ಸಿಕ್ಕವು. ರಸ್ತೆಯ ಎರಡೂ ಕಡೆ ಲಾಂಟಾನ ಎಂಬ ಕಳೆಯ ಪೊದೆ ಮನುಷ್ಯನ ಎತ್ತರಕ್ಕೆ ಬೆಳೆದಿದೆ. ತರಗು ಬೆಂಕಿ (ಒಣ ಎಲೆಗೆ ಹಿಂದೆ ಹಾಕುತ್ತಿದ್ದ ಸಣ್ಣ ಬೆಂಕಿ) ನಿಂತ ಮೇಲೆ ಇದು ಹೀಗೆ ಹಬ್ಬಿತು ಅನ್ನುವುದು ಸೋಲಿಗ ಹಿರಿಯರ ಮಾತು. ಕಾಡಿನ ಬಗ್ಗೆ ಇಷ್ಟು ತಿಳಿದ ಮನೆಯ ಮಗು ಪರಿಸರ ಅಧ್ಯಯನದ ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ, ನಾವು ಮೊದಲು ನೋಡಬೇಕಾದದ್ದು ನಮ್ಮ ಪ್ರಶ್ನೆಪತ್ರಿಕೆಯನ್ನು, ಅಲ್ವಾ?

ಮೇಲೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ. ಡಾ. ಎಚ್. ಸುದರ್ಶನ್ ಸೋಲಿಗರ ನಡುವೆ ವೈದ್ಯರಾಗಿ ಕೆಲಸಕ್ಕೆ ಬಂದವರು. ಬರೀ ಔಷಧಿ ಕೊಟ್ಟರೆ ಸಾಲದು ಅಂತ ಶಾಲೆಯನ್ನೂ ಕಟ್ಟಿದರು. ಕೇಂದ್ರ ಶುರುವಾದದ್ದು 1981ರಲ್ಲಿ. 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಪ್ರಶಸ್ತಿ ಅಲ್ಲ, ಶಾಲೆ ಮತ್ತು ಆಸ್ಪತ್ರೆ ಅಕ್ಕಪಕ್ಕ ಇರುವುದು. ಮಗುವಿಗೆ ಹುಷಾರಿಲ್ಲ ಅಂದರೆ ನಡೆದುಕೊಂಡೇ ಹೋಗಬಹುದು. ನಮ್ಮ ಎಷ್ಟು ಶಾಲೆಗಳಿಗೆ ಇಂಥ ಅನುಕೂಲ ಇದೆ?

ಅವತ್ತು ಅತಿ ಹೆಚ್ಚು ಹೊತ್ತು ನಡೆದದ್ದು ಸಿಕಲ್ ಸೆಲ್ ಕಾಯಿಲೆಯ ಮಾತು. ಸೋಲಿಗರಲ್ಲೂ ಜೇನುಕುರುಬರಲ್ಲೂ ಇದು ಇದೆ. ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಕೈಕಾಲು, ಕೀಲು, ಹೊಟ್ಟೆ ಎಲ್ಲೆಂದರಲ್ಲಿ ತಡೆಯಲಾರದ ನೋವು. ಹೊರಗೆ ಏನೂ ಕಾಣುವುದಿಲ್ಲ. ಅದಕ್ಕೇ ಆ ಮಗುವಿಗೆ ಸೋಮಾರಿ ಅಂತ ಹೆಸರು ಬೀಳುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೆ, ಚಳಿ ಹಿಡಿದರೆ, ಜಾಸ್ತಿ ಓಡಿದರೆ ನೋವು ಏಳಬಹುದು. ಆದ್ದರಿಂದ ಆ ಮಗು ಮೇಲಿಂದ ಮೇಲೆ ನೀರು ಕುಡಿಯಬೇಕು. ಮೂತ್ರವೂ ಹೆಚ್ಚು ಬರುತ್ತದೆ, ಕೇಳಿದ ತಕ್ಷಣ ಹೊರಗೆ ಬಿಡಬೇಕು. ಕಬ್ಬಿಣಾಂಶದ ಮಾತ್ರೆ ಕೊಡುವ ಮೊದಲು ವೈದ್ಯರನ್ನು ಕೇಳಬೇಕು.

ಕೊಳ್ಳೇಗಾಲದ ಕಡೆಯ ಮೇಷ್ಟ್ರು ಆಗ ಇನ್ನೊಂದು ಮಾತು ಹೇಳಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಒಟ್ಟು 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ಸಿಕಲ್ ಸೆಲ್ ಕೂಡ ಇದೆ. ಸಮನ್ವಯ ಶಿಕ್ಷಣ (ಅಂಗವಿಕಲ ಮಕ್ಕಳೂ ಎಲ್ಲರ ಜೊತೆ ಕಲಿಯುವುದು) ಅಂದರೆ ರ‍್ಯಾಂಪ್, ಗಾಲಿಕುರ್ಚಿ ಅಂತಲೇ ನಮ್ಮ ಕಣ್ಣಿಗೆ ಬರುವುದು. ನೀರಿನ ಬಾಟಲಿ, ಬಾಗಿಲ ಪಕ್ಕದ ಜಾಗ, ಡ್ರಿಲ್‌ನಲ್ಲಿ ಸುಸ್ತಾದಾಗ ಕೂರುವ ಅವಕಾಶ ಕೂಡ ಸಮನ್ವಯವೇ. ನೀರು ಕುಡಿಯಿರಿ ಅಂತ ಮಕ್ಕಳಿಗೆ ನೆನಪಿಸುವ ವಾಟರ್ ಬೆಲ್ ಕೇರಳದಲ್ಲಿ 2019ರಲ್ಲಿ ಹೆಸರಾಯಿತು, ನಮ್ಮ ರಾಜ್ಯಕ್ಕೂ ಬಂತು. ಅದನ್ನು ತಪ್ಪದೆ ಬಾರಿಸಿದರೆ, ಯಾರನ್ನೂ ಬೊಟ್ಟು ಮಾಡಿ ತೋರಿಸದೆ ಈ ಮಕ್ಕಳೂ ಎಲ್ಲರ ಜೊತೆ ನೀರು ಕುಡಿಯುತ್ತಾರೆ.

ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕೂತೆವು. ಬೆಟ್ಟದ ಚಳಿಗೆ ಎಲ್ಲರೂ ಶಾಲು ಹೊದ್ದಿದ್ದರು. ಹುಣಸೂರು ಕಡೆಯ ಒಂದು ಹಾಡಿಯ (ಗಿರಿಜನರ ಕೇರಿ) ಶಾಲೆಯಿಂದ ಬಂದ ಮೇಡಂ ಅಲ್ಲಿಯವರೆಗೆ ಹೆಚ್ಚು ಮಾತಾಡಿರಲಿಲ್ಲ.

"ನವೆಂಬರ್ ಬಂತು ಅಂದ್ರೆ ನಮ್ಮ ಹಾಡಿ ಖಾಲಿ ಸಾರ್. ಕಾಫಿ ಹಣ್ಣು ಕೊಯ್ಲಿಗೆ ಎಲ್ಲಾ ಕೊಡಗಿಗೆ ಹೋಗ್ತಾರೆ. ಮಕ್ಕಳೂ ಜೊತೆಗೆ."

"ಹಾಜರಾತಿ ಏನ್ ಮಾಡ್ತೀರಿ ಮೇಡಂ?"

"ಎಲ್ಲಿಗೆ ಹೋದ್ರು ಅಂತ ಹಾಡಿಯಲ್ಲಿ ಉಳಿದ ಅಜ್ಜಿಯರನ್ನ ಕೇಳ್ದೆ. ತೋಟದ ಹೆಸರು ಗೊತ್ತಾಯ್ತು. ಆಮೇಲೆ ಅಲ್ಲಿಗೆ ಹತ್ತಿರದ ಶಾಲೆಯ ಹೆಡ್ ಮೇಷ್ಟ್ರ ನಂಬರ್ ಹುಡುಕಿ ಫೋನ್ ಮಾಡ್ದೆ. ನಿಮ್ಮ ಮಕ್ಕಳು ಅಂತಲೇ ಕೂರಿಸ್ಕೊಳ್ಳಿ ಸಾರ್ ಅಂದೆ."

ಅವರು ಕೂರಿಸಿಕೊಂಡರಂತೆ. ಬಿಸಿಯೂಟ ಕೊಟ್ಟರಂತೆ. ವಾರಕ್ಕೊಮ್ಮೆ ಯಾರು ಬಂದರು, ಯಾರು ಬರಲಿಲ್ಲ ಅಂತ ಫೋನಿನಲ್ಲಿ ತಿಳಿಸಿದರಂತೆ. ಕೊಯ್ಲು ಮುಗಿದ ಮೇಲೆ ಮಕ್ಕಳು ಓದು ಮರೆಯದೆ ವಾಪಸ್ ಬಂದರು. ಯಾವ ಆದೇಶವೂ ಇಲ್ಲದೆ, ಒಬ್ಬರನ್ನೊಬ್ಬರು ನೋಡದ ಇಬ್ಬರು ಮುಖ್ಯ ಶಿಕ್ಷಕರು ಮಾಡಿದ ಕೆಲಸ ಇದು. ಕೇಳುತ್ತಾ ನನಗೆ ಗಂಟಲು ಕಟ್ಟಿತು. ಎಷ್ಟೋ ತರಬೇತಿಗಳಲ್ಲಿ ಸಿಗದ ಪಾಠ ಆ ಜಗಲಿಯಲ್ಲಿ ಸಿಕ್ಕಿತು.

ಆಮೇಲೆ ನಿದ್ದೆ ಯಾರಿಗೆ ಬೇಕಿತ್ತು! ನಮ್ಮ ನಮ್ಮ ಊರುಗಳಿಂದ ಗುಳೆ ಹೋಗುವ ಮನೆಗಳು, ಅವರು ಹೋಗುವ ಊರುಗಳು, ಅಲ್ಲಿ ನಮಗೆ ಗೊತ್ತಿರುವ ಶಿಕ್ಷಕರು, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದೆವು. ಸಿಕಲ್ ಸೆಲ್ ರಕ್ತಪರೀಕ್ಷೆ ಆಗದ ಮಕ್ಕಳನ್ನು ಯಾವ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು ಅನ್ನುವುದೂ ಅದರಲ್ಲಿ ಸೇರಿತು.

ಬೆಳಿಗ್ಗೆ ಪೋಡಿನ (ಸೋಲಿಗರ ಹಾಡಿ) ಕಡೆ ನಡೆದು ಬಂದು, ರಂಗನಾಥನ ದರ್ಶನ ಮಾಡಿ, ಯಳಂದೂರಿಗೆ ಇಳಿದೆವು. ಬಸ್ ನಿಲ್ದಾಣದಲ್ಲಿ ಟೀ ಕುಡಿಯುತ್ತಾ ಮುಂದಿನ ಭೇಟಿ ಗೊತ್ತಾಯಿತು. ಜನವರಿಯಲ್ಲಿ ಕೊಡಗು. ಕೊಯ್ಲು ಜೋರಾಗಿರುವಾಗಲೇ ಒಂದು ಭಾನುವಾರ ತೋಟದ ಕೂಲಿಕಾರರು ಇರುವ ಲೈನ್ ಮನೆಗಳಿಗೆ ಹೋಗಿ, ನಮ್ಮ ಮಕ್ಕಳು ಎಲ್ಲಿದ್ದಾರೆ ಅಂತ ನೋಡುತ್ತೇವೆ. ಫೋನಿನಲ್ಲಷ್ಟೇ ಪರಿಚಯವಾದ ಆ ಹೆಡ್ ಮೇಷ್ಟ್ರಿಗೆ ಹುಣಸೂರಿನ ಮೇಡಂ ಅಲ್ಲಿಂದಲೇ ಫೋನ್ ಮಾಡಿ, ನಾವೆಲ್ಲ ಬರುವ ವಿಷಯ ತಿಳಿಸಿದರು.