ಸ್ವಿಚ್ ಸರಿಯಾಗೇ ಇತ್ತು

ನಾನು ಎಲೆಕ್ಟ್ರಿಷಿಯನ್. ಇಪ್ಪತ್ತಾರು ವರ್ಷದಿಂದ ಇದೇ ಕಸುಬು. ಫೋನ್ ಬರುತ್ತದೆ, ಹೋಗುತ್ತೇನೆ, ಟೆಸ್ಟರ್ ಇಟ್ಟು ನೋಡುತ್ತೇನೆ, ಎಲ್ಲಿ ಕೆಟ್ಟಿದೆಯೋ ಸರಿಮಾಡಿ ಬರುತ್ತೇನೆ. ಮನುಷ್ಯರ ವಿಷಯದಲ್ಲೂ ನನ್ನದು ಇದೇ ಚಾಳಿ. ಯಾರಾದರೂ 'ಮನಸ್ಸು ಸರಿಯಿಲ್ಲ ಕಣೋ' ಅಂದರೆ ಸಾಕು, ರಿಪೇರಿಗೆ ಕೈ ಹಾಕಿಬಿಡುತ್ತಿದ್ದೆ.

ಮಾನಸಿಕ ಆರೋಗ್ಯದ ಪ್ರಥಮ ಚಿಕಿತ್ಸೆ ಅಂತ ಎರಡು ದಿನದ ತರಬೇತಿಗೆ ನನ್ನ ಹೆಸರು ಬರೆಸಿದವಳು ಹೆಂಡತಿ. 'ದಿನಾ ನಾಲ್ಕು ಮನೆ ಒಳಗೆ ಹೋಗ್ತೀರ, ನಿಮಗಿಂತ ಇನ್ಯಾರಿಗೆ ಬೇಕು' ಅಂದಳು. ಮೊದಲ ದಿನ ಮಧ್ಯಾಹ್ನವೇ ನನ್ನ ಬಂಡವಾಳ ಬಯಲಾಯಿತು. ನಮ್ಮನ್ನು ಮೂರು ಮೂರು ಜನರ ಗುಂಪು ಮಾಡಿದರು. ಒಬ್ಬರು ಕಷ್ಟ ಹೇಳಿಕೊಳ್ಳಬೇಕು, ಇನ್ನೊಬ್ಬರು ಕೇಳಬೇಕು, ಮೂರನೆಯವರು ಗಡಿಯಾರ ಹಿಡಿದು, ಕೇಳುವವರ ಬಾಯಿಂದ ಮೊದಲ ಸಲಹೆ ಎಷ್ಟು ಸೆಕೆಂಡಿಗೆ ಬರುತ್ತದೆಂದು ಬರೆದುಕೊಳ್ಳಬೇಕು. ನನ್ನದು 22. 'ನಿದ್ದೆ ಬರ್ತಿಲ್ಲ' ಅಂತ ಎದುರಿನವರು ಶುರು ಮಾಡಿದ್ದರಷ್ಟೇ, 'ಸಂಜೆ ವಾಕಿಂಗ್ ಮಾಡಿ ಸರ್' ಅಂದುಬಿಟ್ಟಿದ್ದೆ. ಎರಡನೇ ಸಲ 40 ಸೆಕೆಂಡ್. ಮೂರನೇ ಸಲ ಹಲ್ಲು ಕಚ್ಚಿ ಸುಮ್ಮನಿದ್ದೆ, ಆದರೆ 'ಹ್ಞೂಂ, ಹ್ಞೂಂ' ಅಂತ ಎಷ್ಟು ಬೇಗಬೇಗ ಅಂದೆನೆಂದರೆ, ಎದುರಿನವರು 'ನಿಮಗೆ ಬೇರೆ ಕೆಲಸ ಇದೆಯಾ?' ಅಂತ ಕೇಳಿದರು.

ಈ ತರಬೇತಿ ಹುಟ್ಟಿದ ಕಥೆ ನನಗೆ ಇಷ್ಟವಾಯಿತು. 2000ರಲ್ಲಿ ಆಸ್ಟ್ರೇಲಿಯಾದಲ್ಲಿ ಬೆಟ್ಟಿ ಕಿಚನರ್ ಎಂಬ ನರ್ಸ್ ಮತ್ತು ಅವರ ಗಂಡ, ಸಂಶೋಧಕ ಆಂಥನಿ ಜಾರ್ಮ್ ಇದನ್ನು ಶುರು ಮಾಡಿದರು. ಆಕೆ ಸ್ವತಃ ಖಿನ್ನತೆ ಅನುಭವಿಸಿದವರು. ಗಾಯಕ್ಕೆ, ಎದೆನೋವಿಗೆ ಪ್ರಥಮ ಚಿಕಿತ್ಸೆ ಕಲಿಸುತ್ತೇವಲ್ಲ, ಮನಸ್ಸಿಗೆ ಯಾಕಿಲ್ಲ ಎಂಬುದು ಅವರ ಪ್ರಶ್ನೆ. ಕಲಿತವರು ಡಾಕ್ಟರ್ ಆಗುವುದಿಲ್ಲ, ಕಾಯಿಲೆಗೆ ಹೆಸರಿಡುವುದೂ ಇಲ್ಲ. ಹತ್ತಿರ ಹೋಗಬೇಕು, ಅಪಾಯವಿದೆಯೇ ನೋಡಬೇಕು, ತೀರ್ಪು ಕೊಡದೆ ಕೇಳಬೇಕು, ಧೈರ್ಯ ಮತ್ತು ಸರಿಯಾದ ಮಾಹಿತಿ ಕೊಡಬೇಕು, ವೈದ್ಯರ ಕಡೆಗೂ ತಮ್ಮವರ ಕಡೆಗೂ ದಾರಿ ತೋರಿಸಬೇಕು. ಇಷ್ಟೇ. ಈ ತರಬೇತಿಯಿಂದ ಕಲಿತವರ ತಿಳಿವಳಿಕೆ, ಧೈರ್ಯ ಹೆಚ್ಚುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಅವರಿಂದ ನೆರವು ಪಡೆದವರಿಗೆ ಎಷ್ಟು ಗುಣವಾಗುತ್ತದೆ ಎನ್ನುವುದಕ್ಕೆ ಮಾತ್ರ ಪುರಾವೆ ಇನ್ನೂ ತೆಳು. ನಮಗೆ ಕಲಿಸಿದವರು ಇದನ್ನು ಮುಚ್ಚಿಡಲಿಲ್ಲ. ಅದಕ್ಕೇ ಅವರ ಮೇಲೆ ನಂಬಿಕೆ ಬಂತು.

ಎರಡನೇ ದಿನದ ಪಾಠ ಒಂದೇ ಒಂದು ಪ್ರಶ್ನೆಯದು. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳುವುದು. ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗಾಗುತ್ತದೆ ಎಂದು ನಾನೂ ನಂಬಿದ್ದೆ. ಹಾಗಾಗುವುದಿಲ್ಲ, ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಆದರೂ ನನ್ನ ಸರದಿ ಬಂದಾಗ ಬಾಯಿಂದ ಬಂದದ್ದು ಹೀಗೆ: 'ಮನಸ್ಸಲ್ಲಿ ಅಂಥಾದ್ದೇನೂ ಇಲ್ಲ ತಾನೇ?'

ಟ್ರೇನರ್ ನಕ್ಕರು. 'ಆ ತಾನೇ ಇದೆಯಲ್ಲ, ಅದರಲ್ಲೇ ಇಲ್ಲ ಅನ್ನೋ ಉತ್ತರ ಹೇಳಿಕೊಟ್ಟುಬಿಟ್ರಿ. ನಿಮಗೆ ಬೇಜಾರಾಗಬಾರದು ಅಂತ ಅವರೂ ಇಲ್ಲ ಅಂತಾರೆ.'

ಒಂದು ವಾರ ಸ್ಕೂಟರ್ ಓಡಿಸುತ್ತಾ ಹೆಲ್ಮೆಟ್ ಒಳಗೇ ಅಭ್ಯಾಸ ಮಾಡಿದೆ. 'ಸಾಯಬೇಕು ಅನ್ನೋ ಯೋಚನೆ ಬರ್ತಿದೆಯಾ?' ಒಮ್ಮೆ ಸಿಗ್ನಲ್‌ನಲ್ಲಿ ದನಿ ಜೋರಾಯಿತೋ ಏನೋ, ಪಕ್ಕದ ಬೈಕಿನವನು ತಿರುಗಿ ನೋಡಿದ.

ಅಭ್ಯಾಸ ಕೆಲಸಕ್ಕೆ ಬಂದದ್ದು ನಾಲ್ಕು ತಿಂಗಳಾದ ಮೇಲೆ. (ಇದನ್ನು ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವಂಥದ್ದನ್ನು ಬದಲಿಸಿದ್ದೇನೆ.) ವಯಸ್ಸಾದ ಒಬ್ಬ ಅಮ್ಮ ಹಾಲಿನ ಸ್ವಿಚ್ ಕೆಟ್ಟಿದೆ ಎಂದು ಮೂರು ವಾರದಲ್ಲಿ ಮೂರು ಸಲ ಕರೆಸಿದರು. ಮೂರು ಸಲವೂ ಬೋರ್ಡ್ ಬಿಚ್ಚಿದೆ. ಸ್ವಿಚ್ ಸರಿಯಾಗೇ ಇತ್ತು. ಹಳೆಯ ನಾನಾಗಿದ್ದರೆ 'ಏನೂ ಆಗಿಲ್ಲಮ್ಮ, ಸುಮ್ಮನೆ ಕರೀತೀರ' ಅಂತ ರೇಗಿ ಹೊರಟುಬಿಡುತ್ತಿದ್ದೆ. ಆ ದಿನ ಸ್ಟೂಲಿನ ಮೇಲೆ ಹತ್ತಿ ನಿಂತಿದ್ದವನು ಇಳಿದು, ಅದರ ಮೇಲೇ ಕೂತೆ. 'ಹೇಗಿದ್ದೀರಮ್ಮ?' ಅಂದೆ. ಆಮೇಲೆ ಬಾಯಿ ಮುಚ್ಚಿದೆ.

ಯಜಮಾನರು ಹೋಗಿ ಎಂಟು ತಿಂಗಳಂತೆ. ರೂಮಿನಲ್ಲಿ ಮಲಗಲು ಆಗದೆ ಹಾಲಿನಲ್ಲೇ ಮಲಗುತ್ತಾರೆ. ರಾತ್ರಿ ಪೂರ್ತಿ ದೀಪ ಹಾಕಿ, ಆರಿಸಿ, ಮತ್ತೆ ಹಾಕಿ. ಮಾತು ನಡುವೆ ನಿಂತಾಗಲೆಲ್ಲ ನನ್ನ ನಾಲಿಗೆ ತುದಿಗೆ ಏನೋ ಬರುತ್ತಿತ್ತು. ನುಂಗಿದೆ. ಅವರು 'ಯಾಕೆ ಏಳಬೇಕು ಬೆಳಗ್ಗೆ, ಯಾರಿಗೋಸ್ಕರ' ಅಂದಾಗ ಕೇಳಿದೆ, 'ಸಾಯಬೇಕು ಅನ್ನೋ ಯೋಚನೆ ಬರ್ತಿದೆಯಾ ಅಮ್ಮ?' ಅವರು ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕೂತರು. 'ಬರುತ್ತಪ್ಪ. ಮಾಡಿಕೊಳ್ಳೋ ಧೈರ್ಯ ಇಲ್ಲ. ಇದನ್ನ ಯಾರೂ ಕೇಳಿರಲಿಲ್ಲ ನೋಡು.'

ಅವರನ್ನೇ ಕೇಳಿ ಮಗಳಿಗೆ ಫೋನ್ ಮಾಡಿದೆವು. ಆಕೆ ಬರುವವರೆಗೂ ನಾನು ಕದಲಲಿಲ್ಲ. ಎರಡು ದಿನದಲ್ಲಿ ಡಾಕ್ಟರ ಹತ್ತಿರ ಹೋದರು. ಈಗಲೂ ಹೋಗುತ್ತಿದ್ದಾರೆ.

ನನ್ನ ತಕರಾರು ಇರುವುದು ಇದರ ನಂತರದ ರಾತ್ರಿಯ ಬಗ್ಗೆ. ನಿದ್ದೆ ಬರಲಿಲ್ಲ. ಸರಿಯಾಗಿ ಮಾಡಿದೆನಾ, ಏನಾದರೂ ತಪ್ಪು ಮಾತಾಡಿದೆನಾ? ತರಬೇತಿ ಕೊಟ್ಟ ಸಂಸ್ಥೆಗೆ ಫೋನ್ ಮಾಡಿದರೆ 'ಮುಂದಿನ ಬ್ಯಾಚ್ ವಿಷಯಾನಾ ಸರ್?' ಅಂದರು. ಸರ್ಟಿಫಿಕೇಟು ಕೊಟ್ಟಿದ್ದರು, ಫೋಟೋ ತೆಗೆದಿದ್ದರು, ಅಲ್ಲಿಗೆ ಮುಗಿಯಿತು.

ಜಿಂಬಾಬ್ವೆಯ ಹರಾರೆಯಲ್ಲಿ ಡಿಕ್ಸನ್ ಚಿಬಾಂಡ ಎಂಬ ಮನೋವೈದ್ಯರು 2006ರಲ್ಲಿ 14 ಅಜ್ಜಿಯರೊಂದಿಗೆ ಶುರು ಮಾಡಿದ ಕೆಲಸದ ಬಗ್ಗೆ ಆಮೇಲೆ ಓದಿದೆ. ಕ್ಲಿನಿಕ್ ಹೊರಗೆ ಒಂದು ಮರದ ಬೆಂಚು, ಅದರ ಮೇಲೆ ತರಬೇತಿ ಪಡೆದ ಒಬ್ಬ ಅಜ್ಜಿ, ಪಕ್ಕದಲ್ಲಿ ಕಷ್ಟ ಹೇಳಿಕೊಳ್ಳಲು ಬಂದವರು. ಅಲ್ಲಿ ಖಿನ್ನತೆಗೆ 'ಕುಫುಂಗಿಸಿಸಾ' ಅನ್ನುತ್ತಾರೆ, ಅತಿಯಾಗಿ ಯೋಚಿಸುವುದು ಅಂತ ಅರ್ಥ. 573 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2016ರಲ್ಲಿ ಬಂತು. ಬೆಂಚಿನ ಮೇಲೆ ಕೂತವರಲ್ಲಿ ಖಿನ್ನತೆಯ ಲಕ್ಷಣ, ಮಾಮೂಲಿ ಆರೈಕೆ ಪಡೆದವರಿಗಿಂತ ಬಹಳ ಕಡಿಮೆಯಾಗಿತ್ತು. ಓದುವಾಗ ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಆ ಅಜ್ಜಿಯರ ಬೆನ್ನ ಹಿಂದೆ ಮೇಲ್ವಿಚಾರಕರಿದ್ದರು, ಕೈಮೀರಿದಾಗ ಕೇಳಲು ಜನ ಇದ್ದರು.

ನಮ್ಮ ಬ್ಯಾಚಿನ ನಂಬರುಗಳು ಫೋನಿನಲ್ಲಿದ್ದವು. ಒಬ್ಬೊಬ್ಬರಿಗೂ ಮಾಡಿದೆ. ವಾರಕ್ಕೊಮ್ಮೆ ಗುರುವಾರ ಸೇರಿ ಮಾತಾಡಿಕೊಳ್ಳೋಣ ಅಂದೆ. ಐದು ಜನ ಒಪ್ಪಿದರು. ನಿವೃತ್ತ ಆಪ್ತಸಮಾಲೋಚಕಿ ಒಬ್ಬರು ತಿಂಗಳಿಗೊಮ್ಮೆ ಬಂದು ಕೂರುತ್ತೇನೆ ಅಂದರು. ಉಳಿದ ವಾರ ನಾವು ನಾವೇ. ಹೆಸರು, ಮನೆ ಹೇಳುವ ಹಾಗಿಲ್ಲ, ನಮಗೇನಾಯಿತು ಅನ್ನುವುದಷ್ಟೇ ಹೇಳಬೇಕು. ಮೊದಲ ಗುರುವಾರ ನಾನು ಸ್ಟೂಲಿನ ಕಥೆ ಹೇಳಿ ಮುಗಿಸಿದ ಕೂಡಲೇ ಒಬ್ಬರು 'ನೀವು ಮಗಳಿಗೆ ಮೊದಲೇ...' ಅಂತ ಬಾಯಿ ತೆಗೆದರು.

ಪಕ್ಕದವರು ಗಡಿಯಾರ ನೋಡಿ 'ಒಂಬತ್ತು' ಅಂದರು.