ದೊಡ್ಡಮಳೂರಿನಲ್ಲಿ ನಮ್ಮ ತೊಟ್ಟಿಲು ಹುಡುಕಿದ್ದು

ಹೋದ ಕಾರ್ತಿಕ ಮಾಸದಲ್ಲಿ ಒಂದು ಸಂಜೆ ಅತ್ತಿಗೆ ಅವರೆಕಾಯಿ ಸುಲಿಯುತ್ತಾ ಕೂತಿದ್ದವರು ತಲೆ ಎತ್ತದೆ, "ಗುರುವಾರ ಮಳೂರಿಗೆ ಹೋಗಿ ಬರೋಣ" ಅಂದರು. ಅಣ್ಣ ಟಿವಿ ಸದ್ದು ಕಡಿಮೆ ಮಾಡಿದ. ಅಪ್ಪ ಪೇಪರ್ ಮಡಿಸಿಟ್ಟು ಒಳಗೆ ಹೋದರು. ಯಾರೂ ಹ್ಞೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಮಳೂರು ಅಂದರೆ ಚನ್ನಪಟ್ಟಣದ ಹತ್ತಿರದ ದೊಡ್ಡಮಳೂರು. ಬೆಂಗಳೂರಿನಿಂದ 60 ಕಿಲೋಮೀಟರ್ ಚಿಲ್ಲರೆ. ಅಲ್ಲಿ ಮೂಲ ದೇವರು ಅಪ್ರಮೇಯಸ್ವಾಮಿ, ಜೊತೆಗೆ ಅರವಿಂದವಲ್ಲಿ ಅಮ್ಮನವರು. ಆದರೆ ಜಾಸ್ತಿ ಜನ ಹೋಗೋದು ಅದೇ ಗುಡಿಯ ಒಳಗಿರುವ ಅಂಬೆಗಾಲು ಕೃಷ್ಣನನ್ನು ನೋಡೋಕೆ. ಕೈಯಲ್ಲಿ ಬೆಣ್ಣೆ ಮುದ್ದೆ ಹಿಡಿದು ಮಂಡಿಯೂರಿ ಬರುತ್ತಿರುವ ಪುಟ್ಟ ಕೃಷ್ಣ. ಪುರಂದರದಾಸರು ಈ ಕೃಷ್ಣನನ್ನು ನೋಡಿಯೇ 'ಜಗದೋದ್ಧಾರನ' ಹಾಡಿದ್ದು ಅಂತ ಅಲ್ಲಿನವರ ನಂಬಿಕೆ. ಮಕ್ಕಳಿಲ್ಲದವರು ಇಲ್ಲಿ ಹರಕೆ ಹೊತ್ತು ತೊಟ್ಟಿಲು ಕೊಡುತ್ತಾರೆ. ನಾವೂ ಕೊಟ್ಟಿದ್ದೆವು.

ಅಣ್ಣ ಅತ್ತಿಗೆಗೆ ಮದುವೆಯಾಗಿ ಎಂಟು ವರ್ಷ ಮಕ್ಕಳಾಗಿರಲಿಲ್ಲ. ಡಾಕ್ಟರು, ಮಾತ್ರೆ, ಇಂಜೆಕ್ಷನ್ನು, ಜಾತಕ ತೋರಿಸೋದು, ಕುಕ್ಕೆಗೆ ಹೋಗೋದು ಎಲ್ಲ ಆಗಿತ್ತು. ಕೊನೆಗೆ ಪಕ್ಕದ ಮನೆಯವರು ಹೇಳಿದರು ಅಂತ ಮಳೂರಿಗೆ ಹೋಗಿ ಬಂದರು. ಮಾರನೇ ವರ್ಷ ಪಾಪು ಹುಟ್ಟಿದ. ಯಾವುದರಿಂದ ಆಯಿತು ಅಂತ ನಾನು ವಾದಕ್ಕೆ ಹೋಗುವುದಿಲ್ಲ. ಡಾಕ್ಟರಿಗೂ ಸ್ವೀಟ್ ಕೊಟ್ಟೆವು, ಕೃಷ್ಣನಿಗೂ ತೊಟ್ಟಿಲು ಕೊಟ್ಟೆವು. ಚನ್ನಪಟ್ಟಣದಲ್ಲೇ ಕೊಂಡಿದ್ದು, ಕೆಂಪು ಹಳದಿ ಬಣ್ಣದ ಪುಟ್ಟ ಮರದ ತೊಟ್ಟಿಲು. ಅಂಗಡಿಯವರು ಅದನ್ನು ಆಲೆ ಮರದ್ದು, ಬಣ್ಣ ಅರಗಿನದ್ದು, ಮಗು ಬಾಯಿಗೆ ಹಾಕಿಕೊಂಡರೂ ಏನೂ ಆಗಲ್ಲ ಅಂತ ಬಾಯಿಪಾಠ ಒಪ್ಪಿಸಿದ್ದರು. ಇದು ದೇವರಿಗೆ, ಬಾಯಿಗೆ ಹಾಕಿಕೊಳ್ಳಲ್ಲ ಅಂತ ಅಣ್ಣ ನಕ್ಕಿದ್ದ. ಅಪ್ಪ ತಕ್ಷಣ, "ಯಾಕೆ ಹಾಕ್ಕೊಳ್ಳಲ್ಲ, ಅವನೂ ಮಗುನೇ ಅಲ್ವಾ" ಅಂದಿದ್ದರು.

ಪಾಪು ಅಂತಲೇ ಬರೆಯುತ್ತೇನೆ. ಹೆಸರು ಬೇಡ. ಮೂರೂವರೆ ವರ್ಷ ಇದ್ದ.

ಆ ದಿನದ ವಿಷಯ ಜಾಸ್ತಿ ಹೇಳುವುದಕ್ಕಿಲ್ಲ. ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಬೆಳಿಗ್ಗೆ ಅಪ್ಪ ಸಂಪಿನ ಮುಚ್ಚಳ ತೆಗೆದು ನೀರು ಎಷ್ಟು ಬಂದಿದೆ ಅಂತ ನೋಡೋದು ಇಪ್ಪತ್ತು ವರ್ಷದ ಅಭ್ಯಾಸ. ಅಷ್ಟರಲ್ಲಿ ಗೇಟಿನ ಹತ್ತಿರ ಹೂವಿನವಳು ಕರೆದಳು. ಪೂಜೆಗೆ ಬಿಡಿಹೂವು ತಗೊಂಡು, ಚಿಲ್ಲರೆ ಹುಡುಕಿ ಕೊಟ್ಟು ಬಂದರು. ಅಷ್ಟೇ ಹೊತ್ತು. ಪಾಪು ಒಳಗೆ ಮಲಗಿದ್ದಾನೆ ಅಂತ ಎಲ್ಲರೂ ಅಂದುಕೊಂಡಿದ್ದೆವು.

ಇದನ್ನು ಓದುವಾಗ ನಿಮ್ಮ ಮನೆಯ ಸಂಪು ನೆನಪಾದರೆ ಎದ್ದು ಹೋಗಿ ನೋಡಿ ಬನ್ನಿ, ಆಮೇಲೆ ಮುಂದೆ ಓದಿದರಾಯಿತು. ಮುಚ್ಚಳಕ್ಕೆ ಬೀಗ ಇರಲಿ. ಮುಚ್ಚಳದ ಕೆಳಗೆ ಒಂದು ಕಬ್ಬಿಣದ ಜಾಲರಿ ಕೂರಿಸಿದರೆ ಇನ್ನೂ ಒಳ್ಳೆಯದು. ನೀರು ನೋಡೋಕೂ ಆಗುತ್ತದೆ, ಮಗು ಬೀಳುವುದೂ ಇಲ್ಲ. ನಾವೂ ಈಗ ಹಾಕಿಸಿದ್ದೇವೆ.

ನೋಡಲು ಬಂದವರು ತಮಗೆ ತಿಳಿದದ್ದು ಹೇಳಿದರು. ಋಣ ಇಷ್ಟೇ ಇತ್ತು. ದೇವರಿಗೆ ಇಷ್ಟವಾದ ಹೂವು, ಬೇಗ ಕಿತ್ತುಕೊಂಡ. ಇನ್ನೂ ವಯಸ್ಸಿದೆ, ಇನ್ನೊಂದಾಗುತ್ತೆ. ಇವನ್ನೆಲ್ಲ ಕೇಳಿಸಿಕೊಂಡು ಸುಮ್ನೆ ಇರಬಹುದು, ಅವರಿಗಾದರೂ ಏನು ಹೇಳಬೇಕು ಅಂತ ಹೇಗೆ ಗೊತ್ತಾಗಬೇಕು? ಆದರೆ ದೂರದ ಸಂಬಂಧಿಯೊಬ್ಬರು ಅತ್ತಿಗೆಯ ಪಕ್ಕ ಕೂತು, "ಹರಕೆ ತೀರಿಸೋವಾಗ ಏನೋ ಲೋಪ ಆಗಿರಬೇಕು ನೋಡು, ಯೋಚನೆ ಮಾಡು" ಅಂದರು. ಅತ್ತಿಗೆ ನಿಜವಾಗಲೂ ಯೋಚನೆ ಮಾಡಿದರು. ತಿಂಗಳುಗಟ್ಟಲೆ. ತೊಟ್ಟಿಲನ್ನು ಎಡಗೈಯಲ್ಲಿ ಕೊಟ್ಟೆನಾ, ಬೆಣ್ಣೆ ಅಂಗಡಿಯದ್ದಾಯಿತಾ, ಅವತ್ತು ಗುಡಿಗೆ ಹೋಗುವ ಮುಂಚೆ ದಾರಿಯಲ್ಲಿ ತಟ್ಟೆ ಇಡ್ಲಿ ತಿಂದೆವಲ್ಲ ಅದಾ. ಆ ಸಂಬಂಧಿಯನ್ನು ನಾನು ಇವತ್ತಿಗೂ ಮಾತಾಡಿಸುವುದಿಲ್ಲ. ಭಕ್ತಿ ಬರಹದಲ್ಲಿ ಇದನ್ನು ಬರೆಯಬಾರದೇನೋ, ಆದರೆ ಸುಳ್ಳು ಯಾಕೆ ಹೇಳಲಿ.

ಗೀತೆ ಹೇಳಿದವರೂ ಬಹಳ ಜನ. ಆತ್ಮಕ್ಕೆ ಸಾವಿಲ್ಲ, ಬಟ್ಟೆ ಬದಲಾಯಿಸಿದ ಹಾಗೆ ಅಂತ. ಅತ್ತಿಗೆ ಬೀರುವಿನಲ್ಲಿ ಪಾಪುವಿನ ಬಟ್ಟೆಗಳನ್ನು ಒಗೆಯದೆ ಹಾಗೇ ಇಟ್ಟುಕೊಂಡಿದ್ದರು. ಒಂದು ನೀಲಿ ಉಲ್ಲನ್ ಟೋಪಿ ಇತ್ತು, ಅದನ್ನು ಆಗಾಗ ತೆಗೆದು ಮೂಸಿ ನೋಡಿ ಮತ್ತೆ ಒಳಗಿಡುತ್ತಿದ್ದರು. ಬಟ್ಟೆ ಬದಲಾಯಿಸಿದ ಮಾತು ಅವರ ಮುಂದೆ ಹೇಳಬಾರದಿತ್ತು.

ಭಾಗವತದ ದಶಮ ಸ್ಕಂಧದಲ್ಲಿ 85ನೇ ಅಧ್ಯಾಯ ಇದೆ. ಅಮ್ಮ ಇದ್ದಾಗ ಮನೆಯಲ್ಲಿ ಓದುತ್ತಿದ್ದ ಪುಸ್ತಕ, ಅಂಚು ಕಂದು ಬಣ್ಣಕ್ಕೆ ತಿರುಗಿದೆ. ನಿದ್ದೆ ಬಾರದ ಒಂದು ರಾತ್ರಿ ಸುಮ್ನೆ ತಿರುವಿ ಹಾಕುವಾಗ ಅದು ಸಿಕ್ಕಿತು. ಕಂಸ ಸತ್ತು ಎಷ್ಟೋ ಕಾಲವಾಗಿದೆ. ಕೃಷ್ಣ ದ್ವಾರಕೆಯಲ್ಲಿ ಸಂಸಾರಸ್ಥ. ಒಂದು ದಿನ ವಸುದೇವ ಮಗನನ್ನು ದೇವರು ಅಂತ ಹೊಗಳುತ್ತಾನೆ, ಕೃಷ್ಣ ಅಪ್ಪನಿಗೆ ತತ್ತ್ವ ಹೇಳುತ್ತಾನೆ. ದೊಡ್ಡ ದೊಡ್ಡ ಮಾತು. ದೇವಕಿ ಪಕ್ಕದಲ್ಲೇ ಇದ್ದಾಳೆ. ಅವಳಿಗೆ ತತ್ತ್ವ ಕಿವಿಗೆ ಬೀಳುತ್ತಿಲ್ಲ. ಗುರು ಸಾಂದೀಪನಿಯ ಸತ್ತ ಮಗನನ್ನು ಇವನು ವಾಪಸ್ ತಂದುಕೊಟ್ಟನಂತೆ ಅನ್ನೋದು ಅವಳ ತಲೆಯಲ್ಲಿ ಕೂತಿದೆ. ಕಣ್ಣೀರು ಹಾಕಿಕೊಂಡು ಕೇಳುತ್ತಾಳೆ, ಕಂಸ ಕೊಂದ ನನ್ನ ಆರು ಮಕ್ಕಳನ್ನು ನನಗೆ ಒಂದು ಸಲ ತೋರಿಸು.

ಲೋಕಕ್ಕೆಲ್ಲ ಗೀತೆ ಹೇಳಿದವನು ಹೆತ್ತ ತಾಯಿಗೆ ಹೇಳಲಿಲ್ಲ. ಎಷ್ಟು ವರ್ಷವಾಯಿತಮ್ಮ, ಇನ್ನೂ ಅದನ್ನೇ ಹಿಡಿದುಕೊಂಡಿದ್ದೀಯ, ಮರೆತುಬಿಡು ಅನ್ನಲಿಲ್ಲ. ನಾನಿದ್ದೀನಲ್ಲ ಅಂತಲೂ ಅನ್ನಲಿಲ್ಲ. ದೇವರೇ ಮಗನಾಗಿ ಹುಟ್ಟಿದರೂ ಆ ಆರು ಮಕ್ಕಳ ಜಾಗ ಅವಳಲ್ಲಿ ಹಾಗೇ ಖಾಲಿ ಇತ್ತು, ಅದು ಅವನಿಗೆ ಅರ್ಥವಾಗಿತ್ತು. ಬಲರಾಮ ಕೃಷ್ಣ ಇಬ್ಬರೂ ಎದ್ದು ಸುತಲ ಲೋಕಕ್ಕೆ, ಬಲಿ ಚಕ್ರವರ್ತಿಯ ಹತ್ತಿರ ಹೋಗಿ ಮಕ್ಕಳನ್ನು ಕರೆದುಕೊಂಡು ಬಂದರು. ದೇವಕಿಗೆ ಎದೆ ಹಾಲು ಉಕ್ಕಿ ಬಂತು. ತೊಡೆಯ ಮೇಲೆ ಕೂರಿಸಿಕೊಂಡು ಹಾಲು ಕುಡಿಸಿದಳು. ನೆತ್ತಿಯನ್ನು ಮತ್ತೆ ಮತ್ತೆ ಮೂಸಿದಳು ಅಂತ ಇದೆ. ನಾನು ಪುಸ್ತಕ ಅಲ್ಲೇ ಮಡಚಿಟ್ಟು ಸ್ವಲ್ಪ ಹೊತ್ತು ಕೂತೆ. ನೀಲಿ ಟೋಪಿ ಕಣ್ಣ ಮುಂದೆ ಬಂತು.

ಮಕ್ಕಳು ಉಳಿಯಲಿಲ್ಲ. ಹಾಲು ಕುಡಿದು, ಎಲ್ಲರಿಗೂ ನಮಸ್ಕಾರ ಮಾಡಿ, ಎಲ್ಲರೂ ನೋಡುತ್ತಿರುವಾಗಲೇ ದೇವಲೋಕಕ್ಕೆ ಹೊರಟುಹೋದರು.

ಮಾರನೇ ದಿನ ಅತ್ತಿಗೆಗೆ ಈ ಕತೆ ಹೇಳಿದೆ. ಹೇಳಬಾರದಿತ್ತೇನೋ ಅಂತ ಅರ್ಧಕ್ಕೆ ಭಯವಾಯಿತು. ಅವರು ಪೂರ್ತಿ ಕೇಳಿ, "ಎಷ್ಟು ಹೊತ್ತು ಇದ್ದರಂತೆ?" ಅಂತ ಮಾತ್ರ ಕೇಳಿದರು. ಅದು ಬರೆದಿಲ್ಲ ಅಂದೆ. ಇದಾಗಿ ನಾಲ್ಕು ದಿನಕ್ಕೆ ಅವರೆಕಾಯಿ ಸುಲಿಯುತ್ತಾ ಮಳೂರಿನ ಮಾತೆತ್ತಿದ್ದು.

ಇನ್ನೊಂದು ಕಾರಣವೂ ಇತ್ತು. ಇಷ್ಟು ಸಣ್ಣ ಮಗುವಿಗೆ ದಹನ ಇಲ್ಲ, ಮಣ್ಣು ಮಾಡೋದಷ್ಟೇ, ವರ್ಷದ ತಿಥಿಯೂ ಇಲ್ಲ ಅಂತ ನಮ್ಮ ಪುರೋಹಿತರು ಹೇಳಿದ್ದರು. ನಮ್ಮ ಅಮ್ಮನಿಗಾದರೆ ಒಂದು ದಿನ ಇದೆ, ವಡೆ ಪಾಯಸ ಮಾಡುತ್ತೇವೆ, ಕಾಗೆ ಬಂತಾ ಅಂತ ಕಾಯುತ್ತೇವೆ. ಪಾಪುವಿಗೆ ಅಂತ ಕ್ಯಾಲೆಂಡರಿನಲ್ಲಿ ಏನೂ ಇಲ್ಲ. ಗೋಕುಲಾಷ್ಟಮಿಗೆ ಬಾಗಿಲಿನಿಂದ ದೇವರ ಮನೆಯವರೆಗೆ ಅಕ್ಕಿಹಿಟ್ಟಿನಲ್ಲಿ ಪುಟ್ಟ ಹೆಜ್ಜೆ ಇಡುವುದನ್ನೂ ನಾವು ಎರಡು ವರ್ಷದಿಂದ ಬಿಟ್ಟಿದ್ದೆವು. ಕಾರಣ ಹೇಳಬೇಕಿಲ್ಲ.

ಗುರುವಾರ ಬೆಳಿಗ್ಗೆ ಹೊರಟೆವು. ಅಪ್ಪ ಬರಲ್ಲ ಅಂದುಕೊಂಡಿದ್ದೆ, ಪಂಚೆ ಉಟ್ಟು ಕಾರಿನ ಹತ್ತಿರ ಮೊದಲೇ ನಿಂತಿದ್ದರು. ಪಾಪು ಹೋದ ಮೇಲೆ ಅವರು ಯಾವ ಗುಡಿಯ ಒಳಗೂ ಕಾಲಿಟ್ಟಿರಲಿಲ್ಲ. ಮನೆಯ ಪೂಜೆಯನ್ನೂ ಅಣ್ಣನಿಗೆ ಬಿಟ್ಟಿದ್ದರು. ಸಂಪಿನ ಕಡೆ ಹೋಗುವುದನ್ನಂತೂ ಪೂರ್ತಿ ನಿಲ್ಲಿಸಿದ್ದರು. ಮುಚ್ಚಳ ತೆಗೆದಿದ್ದು ಯಾರು ಅಂತ ಮನೆಯಲ್ಲಿ ಯಾರೂ ಒಂದು ದಿನವೂ ಕೇಳಿರಲಿಲ್ಲ. ಕೇಳದೆ ಇದ್ದಿದ್ದೂ ಅವರಿಗೆ ಹಿಂಸೆಯೇ ಆಗಿತ್ತು ಅಂತ ನನಗೆ ಈಗ ಅನ್ನಿಸುತ್ತದೆ.

ಎಕ್ಸ್‌ಪ್ರೆಸ್‌ವೇನಲ್ಲಿ ಹೋದರೆ ಚನ್ನಪಟ್ಟಣ ಪಕ್ಕಕ್ಕೆ ಉಳಿದುಹೋಗುತ್ತದೆ ಅಂತ ಅಣ್ಣ ಹಳೇ ಮೈಸೂರು ರಸ್ತೆ ಹಿಡಿದ. ಗೊಂಬೆ ಅಂಗಡಿಗಳು ಬಂದವು. ಯಾರೂ ಆ ಕಡೆ ನೋಡಲಿಲ್ಲ, ಅಥವಾ ಎಲ್ಲರೂ ನೋಡಿದೆವು.

ಗುಡಿಯಲ್ಲಿ ಅತ್ತಿಗೆ ಮೊದಲು ಮಾಡಿದ ಕೆಲಸ ನಮ್ಮ ತೊಟ್ಟಿಲು ಹುಡುಕಿದ್ದು. ಅಲ್ಲಿ ಎಷ್ಟೊಂದು ತೊಟ್ಟಿಲು ಇರುತ್ತವೆ ಅಂದರೆ, ನಮ್ಮದು ಅಂತ ಗುರುತು ಹಿಡಿಯೋದು ಸಾಧ್ಯವೇ ಇಲ್ಲ. ಎಲ್ಲ ಕೆಂಪು, ಎಲ್ಲ ಹಳದಿ. ನಾಲ್ಕು ವರ್ಷಕ್ಕೂ ಹಿಂದಿನದು ಇನ್ನೂ ಅಲ್ಲೇ ಇರುತ್ತದಾ ಅಂತಲೂ ಗೊತ್ತಿಲ್ಲ. ಆದರೂ ಒಂದೊಂದನ್ನೇ ಬೆರಳಿಂದ ಮುಟ್ಟಿ ನೋಡುತ್ತಾ ಹೋದರು. ಪಕ್ಕದಲ್ಲಿ ಒಂದು ಗಂಡ ಹೆಂಡತಿ ತೊಟ್ಟಿಲು ಕಟ್ಟುತ್ತಿದ್ದರು. ತುಂಬ ಚಿಕ್ಕ ವಯಸ್ಸು. ಗಂಡನಿಗೆ ಗಂಟು ಹಾಕೋಕೆ ಬರುತ್ತಿಲ್ಲ, ಹೆಂಡತಿ ಬೈಯುತ್ತಿದ್ದಾಳೆ.

"ಅಕ್ಕಾ, ಒಂಚೂರು ಇದನ್ನ ಹಿಡ್ಕೊಳ್ತೀರಾ?"

ಅತ್ತಿಗೆ ಹಿಡಿದುಕೊಂಡರು. ಗಂಟು ಬಿತ್ತು. ಆ ಹುಡುಗಿ ಸೆರಗಲ್ಲಿ ಮುಖ ಒರೆಸಿಕೊಂಡು, "ನೀವೂ ಹರಕೆಗೆ ಬಂದಿದ್ದಾ ಅಕ್ಕ?" ಅಂದಳು.

"ಮುಂಚೆ ಬಂದಿದ್ವಿ."

"ಆಯ್ತಾ?"

ನನಗೆ ಅಲ್ಲಿಂದ ಅತ್ತಿಗೆಯ ಕೈ ಹಿಡಿದು ಎಳೆದುಕೊಂಡು ಹೋಗಿಬಿಡಬೇಕು ಅನ್ನಿಸಿತು. ಅತ್ತಿಗೆ ಒಂದು ಕ್ಷಣ ಆ ತೊಟ್ಟಿಲನ್ನೇ ನೋಡಿದರು.

"ಆಯ್ತು. ಗಂಡು ಮಗು."

ಆ ಹುಡುಗಿಯ ಮುಖ ಅರಳಿದ್ದನ್ನು ನೋಡಬೇಕಿತ್ತು. ಗಂಡನ ಕಡೆ ತಿರುಗಿ, ನೋಡಿದ್ರಾ, ಅನ್ನೋ ಹಾಗೆ ಕಣ್ಣು ಹೊರಳಿಸಿದಳು. ಅತ್ತಿಗೆ ಅವಳ ತೊಟ್ಟಿಲನ್ನು ಒಂದು ಸಲ ಮೆಲ್ಲಗೆ ತೂಗಿಬಿಟ್ಟು ಮುಂದೆ ಬಂದರು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅಲ್ವಾ.

ಆಮೇಲೆ ಅರ್ಚನೆ. ಅರ್ಚಕರು ಹೆಸರು, ನಕ್ಷತ್ರ ಕೇಳಿದರು. ಅಣ್ಣ ತನ್ನದು ಹೇಳಿದ, ಅತ್ತಿಗೆಯದು ಹೇಳಿದ, ನಿಲ್ಲಿಸಿದ. ಅವರಿಗೆ ನಮ್ಮ ವಿಷಯ ಹೇಗೆ ಗೊತ್ತಿರಬೇಕು, ದಿನಕ್ಕೆ ನೂರು ಜನ ಬರುತ್ತಾರೆ. "ಮಕ್ಕಳು?" ಅಂದರು. ಅಣ್ಣ ಬಾಯಿ ತೆರೆದ, ದನಿ ಬರಲಿಲ್ಲ.

ಹಿಂದೆ ಧ್ವಜಸ್ತಂಭದ ಹತ್ತಿರವೇ ಕೂತುಬಿಟ್ಟಿದ್ದಾರೆ ಅಂತ ನಾನು ಅಂದುಕೊಂಡಿದ್ದ ಅಪ್ಪ, ಯಾವಾಗ ಒಳಗೆ ಬಂದರೋ, ನನ್ನ ಹೆಗಲ ಹಿಂದಿನಿಂದ ಪಾಪುವಿನ ಹೆಸರು ಹೇಳಿದರು. ಪೂರ್ತಿ ಹೆಸರು. ಹಸ್ತಾ ನಕ್ಷತ್ರ, ಕನ್ಯಾ ರಾಶಿ. ಎರಡು ವರ್ಷದಲ್ಲಿ ಆ ಹೆಸರು ಅವರ ಬಾಯಲ್ಲಿ ಬಂದಿದ್ದು ಅದೇ ಮೊದಲು.

ಅರ್ಚಕರು ಅದನ್ನೂ ಸೇರಿಸಿ ಸಂಕಲ್ಪ ಮಾಡಿದರು. ಆಯುಷ್ಯ, ಆರೋಗ್ಯ, ಐಶ್ವರ್ಯ, ಎಲ್ಲ ಅಭಿವೃದ್ಧಿ ಆಗಲಿ ಅಂತ. ನಮ್ಮಲ್ಲಿ ಯಾರೂ ಅವರನ್ನು ತಡೆಯಲಿಲ್ಲ. ಒಳಗೆ ಕೃಷ್ಣ ಬೆಣ್ಣೆ ಹಿಡಿದುಕೊಂಡು, ಒಂದು ಮಂಡಿ ಮುಂದಿಟ್ಟು, ಈಗ ಬಂದೆ ಅನ್ನೋ ಹಾಗೆ ಇದ್ದ. ಅಳತೆಗೆ ಸಿಗದವನಿಗೆ ಅಪ್ರಮೇಯ ಅಂತ ಹೆಸರು. ಅದೇ ಗುಡಿಯಲ್ಲಿ ಈ ಮಗು ಮಾತ್ರ ಕೈಚಾಚಿದರೆ ಎತ್ತಿಕೊಳ್ಳುವಷ್ಟೇ ಇದೆ, ಇನ್ನು ದೊಡ್ಡದಾಗಲ್ಲ. ಶಠಾರಿ ತಲೆಯ ಮೇಲೆ ಇಟ್ಟಾಗ ಅಪ್ಪ ಬಗ್ಗಿದವರು ಸ್ವಲ್ಪ ಹೊತ್ತು ಹಾಗೇ ಇದ್ದರು. ಅರ್ಚಕರು ಕಾದರು.

ಪ್ರಸಾದದ ಬೆಣ್ಣೆ ಮನೆಗೆ ಬರುವಷ್ಟರಲ್ಲಿ ಕರಗಿ ಎಲೆಗೆ ಅಂಟಿಕೊಂಡಿತ್ತು. ಅತ್ತಿಗೆ ಬೆರಳಲ್ಲಿ ಬಳಿದು ಎಲ್ಲರಿಗೂ ಒಂದೊಂದು ಚೂರು ಕೊಟ್ಟರು.

ಶುಕ್ರವಾರ ನೀರಿನ ದಿನ. ಬೆಳಗ್ಗೆ ಐದೂವರೆಗೆ ಸಂಪಿಗೆ ನೀರು ಬೀಳೋ ಸದ್ದಿಗೆ ಎಚ್ಚರವಾಯಿತು. ಮುಚ್ಚಳದ ಬೀಗ ತೆಗೆಯೋದು ಈಗ ಅಣ್ಣನ ಕೆಲಸ, ಅವನು ಇನ್ನೂ ಎದ್ದಿರಲಿಲ್ಲ. ಕಿಟಕಿಯಿಂದ ನೋಡಿದರೆ ಅಪ್ಪ ಕೀ ಹಿಡಿದುಕೊಂಡು ಸಂಪಿನ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದರು. ಕೈ ನಡುಗಿ ಕೀ ಬೀಗಕ್ಕೆ ಸೇರುತ್ತಿರಲಿಲ್ಲ. ಪಕ್ಕದಲ್ಲಿ ಅತ್ತಿಗೆ ಸ್ವೆಟರ್ ಹಾಕಿಕೊಂಡು ಟಾರ್ಚ್ ಹಿಡಿದು ನಿಂತಿದ್ದರು.

"ನಿಧಾನಕ್ಕೆ ತೆಗೀರಿ ಮಾವ" ಅಂದರು. "ನಾನಿಲ್ಲೇ ಇರ್ತೀನಿ."