ಸದ್ದಡಗಿಸುವ ಪೆಟ್ಟಿಗೆ: ಕೆಲಸ ಎಲ್ಲಿಗೆ ಬಂತು

ಕ್ಯಾಮೆರಾದ ಕ್ಲಿಕ್ ಸದ್ದು ಹೊರಗೆ ಕೇಳದ ಹಾಗೆ ಅದನ್ನು ಒಳಗಿಡಲು ನಾನು ಮಾಡುತ್ತಿರುವ ಪೆಟ್ಟಿಗೆ ಒಂದು ಹಂತಕ್ಕೆ ಬಂದಿದೆ. ಮುಚ್ಚಳ ಗಟ್ಟಿಯಾಗಿ ಕೂರುತ್ತಿದೆ. ಶಟರ್ ಒತ್ತಿದರೆ ಪಕ್ಕದಲ್ಲಿ ಕೂತವರಿಗೆ ಸಣ್ಣದೊಂದು 'ಟಕ್' ಕೇಳಿಸುತ್ತೆ, ಅಷ್ಟೇ.

ಇದರ ಹುಚ್ಚು ಹಿಡಿಸಿದ್ದು 1950ರ ದಶಕದಲ್ಲಿ ಸಿನಿಮಾ ಸೆಟ್‌ಗಳಲ್ಲಿ ಫೋಟೋ ತೆಗೆಯುತ್ತಿದ್ದ ಬಾಬ್ ವಿಲ್ಲೋಬಿ. ಆ ಕಾಲದ ಹಾಲಿವುಡ್‌ನಲ್ಲಿ ಸಾಮಾನ್ಯವಾಗಿ ಶಾಟ್ ಮುಗಿದ ಮೇಲೆ ನಟರನ್ನು ಅಲ್ಲೇ ನಿಲ್ಲಿಸಿ, ಅದೇ ಭಾವ ಮತ್ತೆ ತರಿಸಿ, ದೊಡ್ಡ ಕ್ಯಾಮೆರಾದಲ್ಲಿ ಸ್ಟಿಲ್ ಫೋಟೋ ತೆಗೆಯುತ್ತಿದ್ದರು. ಚಿತ್ರ ಚೊಕ್ಕವಾಗಿರುತ್ತಿತ್ತು, ಜೀವ ಮಾತ್ರ ಕಮ್ಮಿ. 1954ರಲ್ಲಿ 'ಎ ಸ್ಟಾರ್ ಈಸ್ ಬಾರ್ನ್' ಸಿನಿಮಾದ ಸೆಟ್‌ಗೆ ಹೋದ ವಿಲ್ಲೋಬಿ ನಾಯಕಿ ಜೂಡಿ ಗಾರ್ಲೆಂಡ್ ಅವರನ್ನು ಸೆರೆಹಿಡಿದರು. ಅವರು ತೆಗೆದ ಜೂಡಿ ಚಿತ್ರ 'ಲೈಫ್' ಪತ್ರಿಕೆಯ ಮುಖಪುಟಕ್ಕೂ ಬಂತು. ಆಮೇಲೆ ಸ್ಟುಡಿಯೋಗಳೇ ಅವರನ್ನು ಕರೆಸಿಕೊಂಡವು. ಟೇಕ್ ನಡೆಯುವಾಗ ಕ್ಲಿಕ್ ಮಾಡಿದರೆ ಸದ್ದು ಮೈಕ್‌ಗೆ ಹೋಗುತ್ತೆ, ಅಲ್ವಾ? ಅದಕ್ಕೇ 35 ಎಂಎಂ ಕ್ಯಾಮೆರಾಗೆ ಬ್ಲಿಂಪ್, ಅಂದರೆ ಇಂಥದ್ದೇ ಸದ್ದಡಗಿಸುವ ಕವಚ, ಮಾಡಿಸಿಕೊಂಡರು. ತಾವು ನಿಲ್ಲಲಾಗದ ಜಾಗದಲ್ಲಿ ರೇಡಿಯೋದಿಂದ ನಡೆಸುವ ಕ್ಯಾಮೆರಾ ಕೂಡ ಇಟ್ಟವರು ಅವರು!

ನನ್ನದು ಪೆಂಟಾಕ್ಸ್ ಕೆ 1000. ಕ್ಲಿಕ್ ಮಾಡಿದಾಗ ಅದರೊಳಗಿನ ಕನ್ನಡಿ ಮೇಲೇಳುವಾಗಲೇ ಸದ್ದು ಜಾಸ್ತಿ. ಕನ್ನಡಿಯೇ ಇಲ್ಲದ ಲೈಕಾ ಕ್ಯಾಮೆರಾ ಈ ವಿಷಯದಲ್ಲಿ ಪುಣ್ಯವಂತ. ಪ್ಲೈವುಡ್ ಪೆಟ್ಟಿಗೆಯ ಒಳಗೆ ಹಾಸಿಗೆ ಅಂಗಡಿಯಿಂದ ತಂದ ಫೋಮ್ ಅಂಟಿಸಿದ್ದೇನೆ. ಮುಖ್ಯವಾದದ್ದು ಫೋಮ್ ದಪ್ಪ ಅಲ್ಲ, ಕ್ಯಾಮೆರಾ ಮರಕ್ಕೆ ಎಲ್ಲೂ ತಾಗಬಾರದು. ತಾಗಿದರೆ ಅದುರಿಕೆ ಹಲಗೆಗೆ ಇಳಿದು ಪೆಟ್ಟಿಗೆಯೇ ತಮಟೆ ಥರ ಬಡಿಯುತ್ತೆ. ಹಾಗಾಗಿ ಕ್ಯಾಮೆರಾ ಈಗ ನಾಲ್ಕು ರಬ್ಬರ್ ಪಟ್ಟಿಗಳ ಮೇಲೆ ತೂಗುತ್ತಿದೆ. ಶಟರ್‌ಗೆ ಕೇಬಲ್ ರಿಲೀಸ್, ಅಂದರೆ ದೂರದಿಂದ ಒತ್ತುವ ತಂತಿ. ರೀಲು ಮುಂದೆ ಸರಿಸುವ ಲಿವರ್‌ಗೆ ಹಿತ್ತಾಳೆ ಕಡ್ಡಿ ಕಟ್ಟಿ ಹೊರಗೆ ತಂದಿದ್ದೇನೆ, ತೂತಿನ ಸುತ್ತ ಉಣ್ಣೆ ಬಟ್ಟೆ. ಮುಂದೆ ಯುವಿ ಫಿಲ್ಟರ್ ಗಾಜು. ಲೆನ್ಸಿನ ರಬ್ಬರ್ ಹುಡ್ ಗಾಜಿಗೆ ಒತ್ತಿಕೊಂಡಿರುವುದರಿಂದ ಒಳಗಿನ ಬೆಳಕು ಪ್ರತಿಫಲಿಸುವುದಿಲ್ಲ.

ನಾಟಕದ ಗೆಳೆಯರ ತಾಲೀಮಿಗೆ ಒಯ್ದೆ. ಕಡಿಮೆ ಬೆಳಕು ಸಾಲಲಿ ಅಂತ 400 ಸ್ಪೀಡಿನ ರೀಲನ್ನು 1600 ಸ್ಪೀಡಿನದ್ದು ಅನ್ನೋ ಹಾಗೆ ಇಟ್ಟುಕೊಂಡು ತೆಗೆದೆ, ಫ್ಲ್ಯಾಶ್ ಇಲ್ಲ. ಒಬ್ಬಳು ಮಾತು ಮರೆತು ಕಣ್ಣು ಮುಚ್ಚಿ, ತುಟಿಯಲ್ಲೇ ಸಾಲು ಹುಡುಕುತ್ತಿದ್ದಳು. ಒತ್ತಿದೆ. ಅವಳು ತಿರುಗಲಿಲ್ಲ. ಇಷ್ಟು ದಿನದ ಕೆಲಸ ಸಾರ್ಥಕ ಅನ್ನಿಸಿತು.

ಉಳಿದಿರುವುದು ಫೋಕಸ್. ಸದ್ಯಕ್ಕೆ ಅಳತೆ ಮಾಡಿ ಮುಂಚೆಯೇ ಇಟ್ಟು ಮುಚ್ಚುತ್ತೇನೆ. ಲೆನ್ಸಿನ ಉಂಗುರಕ್ಕೆ ಸಣ್ಣ ಹಲ್ಲಿನ ಚಕ್ರ ಸಿಕ್ಕಿಸಿ, ಹೊರಗಿನಿಂದಲೇ ತಿರುಗಿಸುವ ಹಾಗೆ ಮಾಡಬೇಕು. ಹಳೆ ಟೇಪ್‌ರೆಕಾರ್ಡರ್‌ನ ಚಕ್ರ ಹೊಂದುತ್ತಾ ನೋಡಬೇಕು.